ಎಡಗಡೆ ಸೀಟಿನ ಬೆಲ್ಟು

೨೦೦೬ರ ಆಗಸ್ಟ್ ಹನ್ನೊಂದರಂದು ಬೆಳಿಗ್ಗೆ ಒಂಬತ್ತೂವರೆಗೆ, ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿ ಅದಿರು ತುಂಬಿದ ಲಾರಿಯೊಂದು ಗಕ್ಕನೆ ನಿಂತಿತು. ಅದರ ಹಿಂದಿದ್ದ ಕಾರೂ ನಿಂತಿತು, ಲಾರಿಗೆ ತಾಗಲಿಲ್ಲ. ಆದರೆ ಕಾರಿನ ಎಡಗಡೆ ಮುಂದಿನ ಸೀಟಿನಲ್ಲಿದ್ದ ಗಣಿ ಗುತ್ತಿಗೆದಾರ ಸಿದ್ದಲಿಂಗೇಶರ ಹಣೆ ಗಾಜಿಗೆ ಬಡಿದು ಹುಬ್ಬಿನ ಮೇಲೆ ಹೊಲಿಗೆ ಬಿದ್ದವು. ಅವರು ಬೆಲ್ಟ್ ಹಾಕಿಕೊಂಡಿರಲಿಲ್ಲ. ಮನೆಯ ಮುಂದೆಯೇ ಎಳೆದು ನೋಡಿದ್ದರು. ಅದು ಗೇಣುದ್ದವೂ ಬಂದಿರಲಿಲ್ಲ.

ಆಸ್ಪತ್ರೆಯಿಂದ ನೇರವಾಗಿ ಕಾರು ಬಂದದ್ದು ಸಂಡೂರು ರಸ್ತೆಯ ಅಂಜಿನಯ್ಯನ ಅಂಗಡಿಗೆ. ಅಂಜಿನಯ್ಯ ಲಾರಿಗಳ ಎಲೆಕ್ಟ್ರಿಷಿಯನ್. ಹಾರ್ನ್, ಹೆಡ್‌ಲೈಟ್, ಡೈನಮೊ, ಸೆಲ್ಫ್ ಮೋಟಾರು, ಇವು ಅವನ ದಿನದ ಕೆಲಸ. ಆ ವರ್ಷಗಳಲ್ಲಿ ಹೊಸಪೇಟೆಗೆ ಬಾರದ ಕಾರು ಇರಲಿಲ್ಲ, ಆದರೆ ಅವುಗಳನ್ನು ಬಿಚ್ಚಿ ಕಟ್ಟುವವರು ಇನ್ನೂ ಬಂದಿರಲಿಲ್ಲ. ಸಿದ್ದಲಿಂಗೇಶರ ಕಾರು ಹೊರದೇಶದ್ದು, ಬಸವ ಜಯಂತಿಯ ದಿನ ಮನೆ ಸೇರಿದ್ದು. ಅದನ್ನು ನೋಡುವ ಹತ್ತಿರದ ವರ್ಕ್‌ಶಾಪು ಚೆನ್ನೈಯಲ್ಲಿತ್ತು.

ಈ ಕಾರಿನ ಬೆಲ್ಟು ಬಾಗಿಲ ಪಕ್ಕದ ಕಂಬದಿಂದ ಹೊರಡುತ್ತಿರಲಿಲ್ಲ. ಸೀಟಿನ ಬೆನ್ನಿನೊಳಗೇ ಅದರ ಸುರುಳಿ ಇತ್ತು, ಸುರುಳಿಗೊಂದು ವಾಯರ್ ಹೋಗುತ್ತಿತ್ತು. ಬೆಲ್ಟಿಗೆ ಕರೆಂಟು ಯಾತಕ್ಕೆ ಎಂಬ ಪ್ರಶ್ನೆಯೇ ಅಂಜಿನಯ್ಯನಿಗೆ ಹಬ್ಬದೂಟದಂತೆ ಕಂಡಿತು. ಸೀಟಿನ ಕೆಳಗೆ ಕೈ ಹಾಕಿ ವಾಯರಿನ ಪ್ಲಗ್ ಬಿಚ್ಚಿದ. ಹೊಸದಾಗಿ ತಂದಿದ್ದ ಡಿಜಿಟಲ್ ಮೀಟರನ್ನು ಪೆಟ್ಟಿಗೆಯಿಂದ ತೆಗೆದು ಅದರ ಎರಡು ಕಡ್ಡಿಗಳನ್ನು ಪ್ಲಗ್ಗಿಗೆ ಮುಟ್ಟಿಸಿದ. ಮೀಟರು ಹನ್ನೆರಡು ವೋಲ್ಟ್ ಎಂದಿತು.

"ಸಾವ್ಕಾರ್ರ, ವಾಯರ್‌ನ್ಯಾಗ ಏನೂ ತಪ್ಪಿಲ್ರಿ. ಕರೆಂಟು ಪೂರಾ ಬರಾಕತ್ತೈತಿ. ಕೆಟ್ಟಿದ್ರ ಸೀಟಿನೊಳಗಿನ ಸುರುಳಿ ಕೆಟ್ಟಿರಬೇಕು."

ಸಿದ್ದಲಿಂಗೇಶರು ಹಣೆಯ ಪಟ್ಟಿಯ ಮೇಲೆ ಬೆರಳಿಟ್ಟುಕೊಂಡೇ ಕೇಳಿದರು. "ಹೊಸಾ ಗಾಡಿ. ಅದು ತಾನಾಗಿ ಕೆಡ್ತದ?"

"ಕೆಡಬಾರದ್ರಿ."

"ಹಂಗಾರ ಯಾರೋ ಕೆಡಿಸ್ಯಾರ."

ಅವರು ತಿರುಗಿ ನೋಡಿದ್ದು ಡ್ರೈವರ್ ಗಾಳೆಪ್ಪನನ್ನು. ಗಾಳೆಪ್ಪ ಅಂಜಿನಯ್ಯನ ಅಕ್ಕನ ಗಂಡ. ಅನುಮಾನಕ್ಕೆ ಆಧಾರ ಇಲ್ಲದಿರಲಿಲ್ಲ. ಹಿಂದಿನ ಜೀಪಿನಲ್ಲಿ ಬೆಲ್ಟು ಹಾಕದಿದ್ದರೆ ಎಚ್ಚರಿಕೆಯ ಗಂಟೆಯೊಂದು ಕುಂಯ್‌ಗುಡುತ್ತಿತ್ತು. ಗಾಳೆಪ್ಪ ಗುಜರಿಯಿಂದ ಹಳೆಯ ಬೆಲ್ಟೊಂದರ ಲೋಹದ ನಾಲಿಗೆ ಕತ್ತರಿಸಿ ತಂದು, ಅದನ್ನು ಕೊಂಡಿಗೆ ತುರುಕಿ ಗಂಟೆಯ ಬಾಯಿ ಮುಚ್ಚಿಸಿದ್ದ. ಒಂದು ದಿನ ಸಾಹುಕಾರರ ಕೈಗೆ ಆ ನಾಲಿಗೆ ಸಿಕ್ಕಿತ್ತು.

"ಜೀಪಿನ್ಯಾಗ ಮಾಡಿದ್ದು ನಾ ಮರ್ತಿಲ್ಲ" ಎಂದರು ಸಿದ್ದಲಿಂಗೇಶ. "ಇವತ್ತು ದಿಲ್ಲಿಗೆ ಹೊಂಟೀನಿ. ಮುಂದಿನ ವಾರ ಶನಿವಾರ ಬರ್ತೀನಿ. ಅಷ್ಟರಾಗ ಬೆಲ್ಟಿಗೆ ಏನಾಗೇತಿ ಅಂತ ನನಗ ಸ್ಪಷ್ಟ ಹೇಳಬೇಕು, ಅಂಜಿನಯ್ಯ. ಇಂವ ಮಾಡಿದ್ದು ಅಂದ್ರ ಚಾವಿ ಇಟ್ಟು ಹೋಗ್ಲಿ. ಕಾರಣ ಗೊತ್ತಾಗಲಿಲ್ಲ ಅಂದ್ರೂ ಹೋಗ್ಲಿ. ಭಾವ ಅಂತ ಮುಚ್ಚಿಡಬ್ಯಾಡ ಮತ್ತ."

ಅವರು ಇನ್ನೊಂದು ಕಾರಿನಲ್ಲಿ ಹೋದ ಮೇಲೆ ಗಾಳೆಪ್ಪ ಮೈದುನನನ್ನು ದಿಟ್ಟಿಸಿದ. "ಭೇಷ್ ಲೇ ಅಂಜಿನಿ. ಅಕ್ಕನ ಗಂಡನ ಕುತ್ತಿಗಿಗೆ ಮೀಟರ್ ಹಚ್ಚಿದಿ."

"ಕಂಡದ್ದು ಹೇಳಿದೆ, ಭಾವ."

"ಇನ್ನ ಸ್ವಲ್ಪ ಕಡಿಮಿ ಕಾಣಬೇಕಿತ್ತು."

ಮರುದಿನ ಶನಿವಾರ, ಗಣಿಗೆ ಬಂದಿದ್ದ ಅದಿರು ಖರೀದಿದಾರರನ್ನು ಇಳಿಸಿ ಗಾಳೆಪ್ಪ ಸಂಜೆ ಅಂಗಡಿಗೆ ಬಂದ. ಬಂದವನೇ ಎಡಗಡೆಯ ಬಾಗಿಲು ತೆಗೆದು ಬೆಲ್ಟ್ ಹಿಡಿದೆಳೆದ. ಅದು ಸರ್ರನೆ ಬಂತು. ಬಿಟ್ಟರೆ ಒಳಗೆ ಹೋಯಿತು. ಮತ್ತೆ ಎಳೆದರೆ ಮತ್ತೆ ಬಂತು.

"ನಾ ಏನೂ ಮಾಡಿಲ್ಲಪಾ" ಎಂದ ಗಾಳೆಪ್ಪ, ಕೈ ಎರಡೂ ಮೇಲೆತ್ತಿ. "ಕೆಟ್ಟಾಗೂ ಮಾಡಿಲ್ಲ, ಸರಿಯಾದಾಗೂ ಮಾಡಿಲ್ಲ."

ಅಂಜಿನಯ್ಯ ಆ ಸಂಜೆ ಬೇರೆ ಕೆಲಸ ಮುಟ್ಟಲಿಲ್ಲ. ಯಾರಾದರೂ ಸುರುಳಿಯನ್ನು ಮುರಿದಿದ್ದರೆ ಅದು ಮುರಿದೇ ಇರಬೇಕಿತ್ತು. ಮುರಿದ ಹಲ್ಲು ಗಣಿಗೆ ಹೋಗಿ ಬಂದ ಮಾತ್ರಕ್ಕೆ ಕೂಡಿಕೊಳ್ಳುವುದಿಲ್ಲ. ಬಂದು ಹೋಗುವ ದೋಷ ಇರುವುದು ಒಂದೇ ಕಡೆ, ಎಲ್ಲೋ ಒಂದು ಕೂಡುವ ಜಾಗ ಸರಿಯಾಗಿ ಕೂಡದಿರುವಲ್ಲಿ. ಅಂದರೆ ವಾಯರಿನಲ್ಲಿ. ಆದರೆ ವಾಯರ್ ಸರಿಯಿದೆ ಎಂದು ತಾನೇ ಹೇಳಿದ್ದ.

ಸೋಮವಾರ ಚೆನ್ನೈಯ ವರ್ಕ್‌ಶಾಪಿಗೆ ಫೋನ್ ಮಾಡಿದ. ಸಿಕ್ಕ ಎಂಜಿನಿಯರ್ ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ತಾಳ್ಮೆಯಿಂದ ವಿವರಿಸಿದ. ಸಾಮಾನ್ಯ ಕಾರುಗಳಲ್ಲಿ ಬೆಲ್ಟನ್ನು ಹಿಡಿಯುವುದು ಸುರುಳಿಯೊಳಗಿನ ಒಂದು ಗುಂಡು. ಗಾಡಿ ಗಕ್ಕನೆ ನಿಂತರೆ ಗುಂಡು ಹೊರಳಿ ಬೀಗ ಬೀಳುತ್ತದೆ. ಈ ಕಾರಿನಲ್ಲಿ ಸುರುಳಿ ಸೀಟಿನ ಬೆನ್ನಿನಲ್ಲಿದೆ, ಸೀಟನ್ನು ಹಿಂದಕ್ಕೆ ಒರಗಿಸಿದರೂ ಗುಂಡು ಹೊರಳಿಬಿಡುತ್ತದೆ. ಅದಕ್ಕೇ ಇಲ್ಲಿ ಗುಂಡಿನ ಬದಲು, ಕರೆಂಟು ಹರಿದಾಗ ಅಯಸ್ಕಾಂತವಾಗುವ ಸಣ್ಣ ಕಾಯಿಲ್ ಇಟ್ಟಿದ್ದಾರೆ. ಚಾವಿ ತಿರುಗಿಸಿ ಕರೆಂಟು ಬಂದರೆ ಕಾಯಿಲ್ ಬೀಗವನ್ನು ಎತ್ತಿ ಹಿಡಿಯುತ್ತದೆ. ಗಾಡಿ ಗಕ್ಕನೆ ನಿಂತರೆ ಆ ಕರೆಂಟು ತಾನಾಗಿ ಕಡಿದು ಬೀಗ ಬೀಳುತ್ತದೆ. ಕರೆಂಟು ಹೋದರೆ ಅಥವಾ ಸಾಲದಾದರೆ ಬೀಗ ಬಿದ್ದೇ ಇರುತ್ತದೆ. ಅಪಾಯದ ಹೊತ್ತಿಗೆ ವಾಯರ್ ಹರಿದರೂ ಬೆಲ್ಟು ಹಿಡಿದಿರಲಿ ಎಂದು ಹಾಗೆ ಮಾಡಿದ್ದು.

ಕೊನೆಗೆ ಅವನು ಕೇಳಿದ ಪ್ರಶ್ನೆ ಚಿಕ್ಕದು. ಲೋಡ್ ಹಾಕಿ ನೋಡಿದಿರಾ?

ಅಂಜಿನಯ್ಯ ಹಾಕಿ ನೋಡಿರಲಿಲ್ಲ. ಲಾರಿಗಳಲ್ಲಿ ಅವನು ಕರೆಂಟು ನೋಡುತ್ತಿದ್ದುದು ಎರಡು ವಾಯರ್ ಕಟ್ಟಿದ ಹೆಡ್‌ಲೈಟ್ ಬಲ್ಬಿನಿಂದ. ಆ ಬಲ್ಬೇ ಲೋಡು, ಅದು ಹೊತ್ತಿಕೊಳ್ಳಲು ಕರೆಂಟು ನಿಜವಾಗಿ ಹರಿಯಬೇಕು. ಮೀಟರಿಗೆ ಹಾಗಿಲ್ಲ, ಅದು ಕರೆಂಟು ಬಂದು ನಿಂತಿದೆಯೇ ಎಂದಷ್ಟೇ ನೋಡುತ್ತದೆ. ಕಂಪ್ಲಿಯ ಗದ್ದೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಾಲುವೆ ಹೂಳು ತುಂಬಿದ್ದರೂ ತೂಬಿನ ಬಾಯಲ್ಲಿ ನೀರು ನಿಂತಿರುತ್ತದೆ. ತೂಬು ಎತ್ತಿದಾಗ ಮಾತ್ರ ಗೊತ್ತಾಗುವುದು ಹರಿಯುವುದೆಷ್ಟು ಎಂದು. ಅಂಜಿನಯ್ಯನಿಗೂ ಇದು ಹದಿನಾರನೇ ವಯಸ್ಸಿನಿಂದ ಗೊತ್ತು. ಆದರೂ ಅವತ್ತು ಬಲ್ಬನ್ನು ಮುಟ್ಟಿರಲಿಲ್ಲ. ಎಣ್ಣೆ ಹತ್ತಿದ ವಾಯರಿನ, ಕರಿ ಟೇಪು ಸುತ್ತಿದ ಆ ಬಲ್ಬನ್ನು ಅಂಥ ಕಾರಿನೊಳಗೆ ಸಾಹುಕಾರರ ಎದುರು ಹಿಡಿಯಲು ನಾಚಿಕೆಯಾಗಿತ್ತು.

ಆ ದಿನವೇ ಸಣ್ಣದೊಂದು ಬಲ್ಬನ್ನು, ಕಾಯಿಲ್ ಎಳೆಯುವಷ್ಟೇ ಕರೆಂಟು ಎಳೆಯುವಂಥದ್ದನ್ನು, ಪ್ಲಗ್ಗಿಗೆ ಕೊಟ್ಟು ನೋಡಿದ. ಚೆನ್ನಾಗಿ ಹೊತ್ತಿತು. ಹೊತ್ತಲೇಬೇಕು, ಬೆಲ್ಟೂ ಸರಿಯಾಗಿ ಬರುತ್ತಿತ್ತು. ಫ್ಯೂಸ್ ನೋಡಿದ, ಸೀಟಿನ ಕೆಳಗಿನ ಪ್ಲಗ್ ನೋಡಿದ, ಎಲ್ಲವೂ ಹೊಸದರಂತೆ ಇದ್ದವು. ದೋಷ ಎದುರಿಗಿಲ್ಲದಾಗ ಹುಡುಕುವುದು, ಮನೆಯಲ್ಲಿಲ್ಲದವನ ಬಾಗಿಲು ಬಡಿದಂತೆ. ಅದು ಯಾವಾಗ ಮನೆಯಲ್ಲಿರುತ್ತದೆ ಎಂದು ಮೊದಲು ತಿಳಿಯಬೇಕಿತ್ತು.

ಮಧ್ಯಾಹ್ನ ಅಕ್ಕ ಸುಂಕಮ್ಮನ ಮನೆಗೆ ಉಣ್ಣಲು ಹೋದ. ಗಾಳೆಪ್ಪ ಆಗಲೇ ರೊಟ್ಟಿ ಮುರಿಯುತ್ತಿದ್ದ.

"ಭಾವ, ಬೆಲ್ಟು ಹಿಡಕೊಂಡದ್ದು ಇದೇ ಮೊದಲೇನು?"

"ಮೊದಲೇನು! ಆಷಾಢದಿಂದ ಹಿಂಗ ಕಾಡಾಕತ್ತೈತಿ. ಹೇಳಿದ್ರ ಸಾವ್ಕಾರ್ರು ಕೇಳಬೇಕಲ್ಲ. ನಿನಗ ಎಳ್ಯಾಕ ಬರೂದಿಲ್ಲ ಅಂದ್ರು."

"ಯಾವ ಯಾವ ದಿನ?"

"ಗಣಿ ಕೆಲಸದಾಗ ವಾರ ಅಂಬೋದು ಎಲ್ಲೈತಿ? ಒಮ್ಮೆ ಹಂಪಿಗೆ ಹೋದಾಗ. ಒಮ್ಮೆ ಕುರೆಕುಪ್ಪಕ್ಕ. ಆಮ್ಯಾಲ... ನೆನಪಿಲ್ಲಪಾ."

ಅಂಜಿನಯ್ಯ ರೊಟ್ಟಿಯನ್ನು ಪಲ್ಯಕ್ಕೆ ಅದ್ದಿದವನು ಅಲ್ಲೇ ನಿಲ್ಲಿಸಿದ. "ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ನೀನೇನಾರ ಅದಕ್ಕ ಕೈ ಹಚ್ಚಿದ್ದೇನು?"

ಸುಂಕಮ್ಮ ಒಲೆಯ ಮುಂದಿನಿಂದ ತಿರುಗಿದಳು. ಗಾಳೆಪ್ಪ ಜೋರು ಮಾಡಲಿಲ್ಲ. "ಜೀಪಿಂದು ನಾನ ಮಾಡಿದ್ದು. ದಿನಾ ಕುಂಯ್ ಕುಂಯ್, ತಲಿ ಕೆಟ್ಟಿತ್ತು. ಇದಕ್ಕ ನಾ ಕೈ ಹಚ್ಚಿಲ್ಲ. ಹಚ್ಚಿದ್ರ ನಿನ್ನ ಮುಂದ ಹೇಳಾಕ ನನಗೇನು ಅಂಜಿಕಿ?"

"ನಾ ನಂಬತೀನಿ. ಆದ್ರ ಸಾವ್ಕಾರ್ರ ಮುಂದ ನಂಬಿಕಿ ಇಟ್ರ ನಡ್ಯಂಗಿಲ್ಲ. ಕೆಟ್ಟ ಜಾಗ ತೋರಿಸಬೇಕು."

"ತೋರ್ಸು ಮತ್ತ. ಅಷ್ಟರಾಗ ಒಂದು ಉಳ್ಳಾಗಡ್ಡಿ ಹೆಚ್ಚಿಕೊಡು ಅಂತ ನಿಮ್ಮಕ್ಕಗ ಹೇಳು."

ಸುಂಕಮ್ಮ ಉಳ್ಳಾಗಡ್ಡಿ ಹೆಚ್ಚಿ ತಟ್ಟೆಯಲ್ಲಿಟ್ಟಳು. ಇಟ್ಟು, ಕೈ ಸೊಂಟಕ್ಕೆ ಕೊಟ್ಟು ನಿಂತಳು. "ಅಂಜಿನಿ, ನಿಮ್ಮ ಭಾವಗ ನೆನಪಿಲ್ಲ, ನನಗೈತಿ. ಬೆಲ್ಟು ಬರವಲ್ದು, ಸಾವ್ಕಾರ್ರು ಬೈದ್ರು ಅಂತ ಬಡಬಡಿಸಿಕೋಂತ ಉಣ್ಣಾಕ ಕುಂತಾಗೆಲ್ಲಾ, ಉಳ್ಳಾಗಡ್ಡಿ ಇಲ್ಲದ ಅಡಿಗಿ ಏನ್ ಅಡಿಗಿ ಅಂತ ನನಗೂ ಬೈದಾನ. ಒಮ್ಮೆ ಅಲ್ಲ, ಪ್ರತಿ ಸರ್ತಿ."

"ಅದಕ್ಕೂ ಇದಕ್ಕೂ ಏನ ಸಂಬಂಧ?" ಎಂದ ಗಾಳೆಪ್ಪ.

"ನಮ್ಮನ್ಯಾಗ ಉಳ್ಳಾಗಡ್ಡಿ ಹಾಕದ್ದು ಯಾವತ್ತು, ಹೇಳು ನೋಡೂಣು."

ಅಮ್ಮನ ವಾರವೆಂದು ಸುಂಕಮ್ಮ ಉಳ್ಳಾಗಡ್ಡಿ ಮುಟ್ಟದ ದಿನ ಶುಕ್ರವಾರ ಒಂದೇ. ಹಣೆಗೆ ಪೆಟ್ಟು ಬಿದ್ದದ್ದೂ ಶುಕ್ರವಾರ. ಅಂಜಿನಯ್ಯ ಉಣ್ಣುವುದನ್ನು ಮರೆತು ಕೇಳುತ್ತಾ ಹೋದ. ಶುಕ್ರವಾರ ಕಾರು ತೊಳೆಯುತ್ತಾರೆಯೇ? ದಿನವೂ ತೊಳೆಯುತ್ತಾರೆ. ಬೇರೆ ಕಡೆ ನಿಲ್ಲಿಸುತ್ತಾರೆಯೇ? ಇಲ್ಲ. ಬೇರೆ ಯಾರಾದರೂ ಓಡಿಸುತ್ತಾರೆಯೇ? ಇಲ್ಲ. ಗಾಳೆಪ್ಪ ಕೆಲಸಕ್ಕೆ ಹೋಗುವ ಮೊದಲು ಏನಾದರೂ ನಡೆಯುತ್ತದೆಯೇ?

"ಸಾವ್ಕಾರ್ರ ಅವ್ವಾರು ಪೂಜಿ ಮಾಡಿರ್ತಾರ. ಮುಂದ ಎರಡು ಹೂವು ಇಟ್ಟಿರ್ತಾರ, ಅಷ್ಟ."

"ಹೂವಿಗೆ ವಾಯರ್ ಕೆಡಂಗಿಲ್ಲ" ಎಂದ ಅಂಜಿನಯ್ಯ. ಆದರೆ ಶುಕ್ರವಾರ ಹೋಗಿ ನೋಡುವುದೆಂದು ನಿಶ್ಚಯಿಸಿಕೊಂಡ.

ಶುಕ್ರವಾರ ಬೆಳಗಾಗುತ್ತಲೇ ಅವನು ಸಿದ್ದಲಿಂಗೇಶರ ಮನೆಯ ಅಂಗಳದಲ್ಲಿದ್ದ. ಎಣ್ಣೆ ಹತ್ತಿದ ಹಳೆಯ ವಾಯರುಗಳಿಗೇ ಆ ಸಣ್ಣ ಬಲ್ಬನ್ನು ಕಟ್ಟಿ ತಂದಿದ್ದ. ಭಾವನಿಂದ ತಂದ ಚಾವಿ ತಿರುಗಿಸಿ ಪ್ಲಗ್ಗಿಗೆ ಕೊಟ್ಟ, ಬಲ್ಬು ನಿಚ್ಚಳವಾಗಿ ಹೊತ್ತಿತು. ಬೆಲ್ಟು ಸಲೀಸಾಗಿ ಬಂತು. ಆಮೇಲೆ ಕಟ್ಟೆಯ ಮೇಲೆ ಕೂತು ಕಾದ.

ಸಿದ್ದಲಿಂಗೇಶರ ತಾಯಿ ಗಂಗಾಂಬಿಕಾ ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು, ತಾಮ್ರದ ತಂಬಿಗೆ, ಅರಿಸಿನ, ಕುಂಕುಮ, ತೆಂಗಿನಕಾಯಿ ಹಿಡಿದು ಬಂದರು. ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಾಗಿತ್ತು.

"ಏನೋ ಅಂಜಿನಯ್ಯ, ಇಷ್ಟು ಜಲ್ದಿ?"

"ನೀವು ಪ್ರತಿ ವಾರ ಹೆಂಗ ಮಾಡ್ತೀರೋ ಹಂಗ ಮಾಡ್ರಿ ಅವ್ವಾರ. ನಾ ಬರೇ ನೋಡ್ತೀನಿ."

"ಪೂಜಿ ನೋಡಾಕ ಬಂದಿ? ಒಳ್ಳೇದಾತು. ನಮ್ಮ ಮನ್ಯಾಗ ಯಾರೂ ನೋಡಂಗಿಲ್ಲ."

ಅವರು ಬಾನೆಟ್ಟಿನ ಮೇಲೆ ಹೂವಿಟ್ಟರು. ಅಂಜಿನಯ್ಯ ಅಂದುಕೊಂಡದ್ದು ಅಷ್ಟಕ್ಕೇ ಮುಗಿಯುತ್ತದೆ ಎಂದು. ಮುಗಿಯಲಿಲ್ಲ. ಗಂಗಾಂಬಿಕಾ ಎಡಗಡೆಯ ಮುಂದಿನ ಬಾಗಿಲನ್ನು ಅಗಲಕ್ಕೆ ತೆರೆದರು. ಕಾರು ಹತ್ತುವಾಗ ದಾಟಬೇಕಾದ, ಬಾಗಿಲ ತಳದ ಉದ್ದನೆಯ ಪಟ್ಟಿಯ ಮೇಲೆ ತಂಬಿಗೆಯ ನೀರನ್ನು ಈ ತುದಿಯಿಂದ ಆ ತುದಿಯವರೆಗೆ ಹೊಯ್ದು ಅಂಗೈಯಿಂದ ಸವರಿದರು. ಅರಿಸಿನ ಕಲಸಿ ಮೂರು ಬೆರಳಲ್ಲಿ ಬಳಿದರು, ಕುಂಕುಮ ಇಟ್ಟರು. ಕಾಯಿಯನ್ನು ಕಲ್ಲಿನ ಮೇಲೆ ಒಡೆದು ಅದರ ನೀರನ್ನು ಅದೇ ಪಟ್ಟಿಗೆ ಎರೆದರು. ಆಮೇಲೆ ಹಳೆಯ ಸೀರೆಯ ತುಂಡಿನಿಂದ ಎಲ್ಲವನ್ನೂ ಒರೆಸಿ ಬಾಗಿಲು ಹಾಕಿದರು. ಒರೆಸಿದ ಮೇಲೆ ಎರಡು ಬೊಟ್ಟು ಕುಂಕುಮ ಬಿಟ್ಟರೆ ಬೇರೇನೂ ಕಾಣುವಂತಿರಲಿಲ್ಲ. ಗಾಳೆಪ್ಪನ ಕಣ್ಣಿಗೆ ಇದು ಯಾಕೆ ಬಿದ್ದಿರಲಿಲ್ಲ ಎಂಬುದು ಅಂಜಿನಯ್ಯನಿಗೆ ಅರ್ಥವಾಯಿತು. ಅವನು ಹತ್ತುತ್ತಿದ್ದುದು ಬಲಗಡೆಯ ಬಾಗಿಲಿನಿಂದ.

"ಅವ್ವಾರ, ಈ ಬಾಗಲಕ್ಕಷ್ಟ ಯಾಕ್ರಿ?"

"ನನ್ನ ಮಗ ಕುಂದ್ರೋದು ಇಲ್ಲೇ ಅಲ್ಲೇನು? ಮನಿಗಿಂತ ಹೆಚ್ಚು ಹೊತ್ತು ಇದರಾಗ ಇರ್ತಾನ. ಮನಿ ಹೊಸ್ತಿಲಕ್ಕ ಪೂಜಿ ಮಾಡಿ, ಅವ ದಾಟೋ ಈ ಹೊಸ್ತಿಲ ಬಿಟ್ರ ಹೆಂಗ? ಕಾರು ಬಂದಾಗಿಂದ ಒಂದು ಶುಕ್ರವಾರ ತಪ್ಪಿಸಿಲ್ಲ."

ಅಂಜಿನಯ್ಯ ಚಾವಿ ತಿರುಗಿಸಿ ಬಲ್ಬನ್ನು ಮತ್ತೆ ಪ್ಲಗ್ಗಿಗೆ ಕೊಟ್ಟ. ಈ ಸಲ ಅದರೊಳಗಿನ ತಂತಿ ಕೆಂಪಗೆ ಮಿಣುಕಿತು, ಬೆಳಕು ಬರಲಿಲ್ಲ. ಅದೇ ಪ್ಲಗ್ಗಿಗೆ ಮೀಟರ್ ಹಚ್ಚಿದ. ಹನ್ನೆರಡು ವೋಲ್ಟ್. ಬೆಲ್ಟ್ ಎಳೆದ. ಬರಲಿಲ್ಲ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಪಕ್ಕದಲ್ಲಿ ನಿಂತವರು ಯಾರು, ಮುಂದೆ ಹೇಳಬೇಕಾದ್ದೇನು ಎಂಬುದು ಒಂದು ಗಳಿಗೆ ಮನಸ್ಸಿಗೆ ಬರಲೇ ಇಲ್ಲ.

"ಅವ್ವಾರ, ನಿಮ್ಮ ಹೊಸ್ತಿಲ ಸ್ವಲ್ಪ ಬಿಚ್ಚಲ್ರಿ?"

ಅವರು ಹೂಂ ಅಂದ ಮೇಲೆ, ಸ್ಕ್ರೂಡ್ರೈವರ್ ಕೊಟ್ಟು ಪಟ್ಟಿಯನ್ನು ಎಬ್ಬಿಸಿದ. ಕೆಳಗೆ ವಾಯರುಗಳ ಕಟ್ಟು, ಅದರ ನಡುವೆ ಎರಡು ವಾಯರುಗಳನ್ನು ಕೂಡಿಸುವ ಬಿಳಿಯ ಕನೆಕ್ಟರ್. ಬಿಳಿ ಎಂದು ಊಹಿಸಬೇಕಿತ್ತು, ಅರಿಸಿನ ಹೀರಿ ಹಳದಿಯಾಗಿತ್ತು. ಸಂದಿಯಲ್ಲಿ ನೀರು ನಿಂತಿತ್ತು. ಬಿಡಿಸಿ ನೋಡಿದರೆ ಒಳಗಿನ ಪಿನ್ನುಗಳ ಮೇಲೆ ಹಸಿರು ಕಿಲುಬು. ಕಾಯಿನೀರಿನ ಉಪ್ಪು, ತಂಬಿಗೆಯ ನೀರು, ಕರೆಂಟು, ಮೂರೂ ಸೇರಿದರೆ ತಾಮ್ರ ಕಿಲುಬುವುದಕ್ಕೆ ವರ್ಷಗಳು ಬೇಕಿಲ್ಲ. ಇನ್ನುಳಿದದ್ದನ್ನು ಅಂಜಿನಯ್ಯ ಅಲ್ಲೇ ಕೂತು ಜೋಡಿಸಿದ. ಶುಕ್ರವಾರ ನೀರು ಬಿದ್ದಾಗ ಪಿನ್ನುಗಳ ಹಿಡಿತ ತಪ್ಪುತ್ತದೆ. ಆಮೇಲೆ ಗಣಿ ರಸ್ತೆಯ ಕುಲುಕಾಟಕ್ಕೆ ಅವು ಒಂದನ್ನೊಂದು ಉಜ್ಜಿಕೊಂಡು, ಒಣಗಿ, ಶನಿವಾರಕ್ಕೆ ಮತ್ತೆ ಹಿಡಿದುಕೊಳ್ಳುತ್ತವೆ.

ಗಂಗಾಂಬಿಕಾ ಬಗ್ಗಿ ಕನೆಕ್ಟರನ್ನು ಕೈಗೆ ತೆಗೆದುಕೊಂಡರು. ಹಳದಿಯನ್ನು ಉಗುರಿನಿಂದ ಕೆರೆದರು. ಅದು ಯಾವ ಹಳದಿ ಎಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ.

"ಹಂಗಾರ ಅವನ ಹಣಿಗೆ ಹೊಲಿಗಿ ಬಿದ್ದದ್ದು ನನ್ನ ಕೈಯಿಂದ."

"ಲಾರಿ ನಿಂತದ್ದಕ್ಕ ಪೆಟ್ಟು ಬಿತ್ತ್ರಿ. ಬೆಲ್ಟು ಬರದಿದ್ದದ್ದು ಇದರಿಂದ. ಎರಡೂ ಬ್ಯಾರೆ ಬ್ಯಾರೆ."

ಆ ಸಮಾಧಾನ ಅವರಿಗೆ ಸಾಲಲಿಲ್ಲ. ದನಿ ತಗ್ಗಿಸಿ ಹೇಳಿದರು. "ಇಲಿ ಕಡದೈತಿ ಅಂತ ಹೇಳಿಬಿಡೋ ಅಂಜಿನಯ್ಯ. ಗಾಳೆಪ್ಪಗೂ ಕೆಲಸ ಉಳೀತೈತಿ, ನನಗೂ ಮರ್ಯಾದಿ ಉಳೀತೈತಿ. ಇಲಿ ಬಂದು ಅಲ್ಲ ಅಂತೈತೇನು?"

ಅಂಜಿನಯ್ಯನಿಗೆ ಆಸೆಯಾಯಿತು. ಯಾರಿಗೂ ನಷ್ಟವಿಲ್ಲದ ಸುಳ್ಳು. ಭಾವನ ಚಾವಿ ಭಾವನ ಕೈಯಲ್ಲೇ ಇರುತ್ತದೆ, ಮುದುಕಿಯ ಮನಸ್ಸು ನೋಯುವುದಿಲ್ಲ. ಅವನು ಕನೆಕ್ಟರನ್ನು ಹೊರಳಿಸಿ ಹೊರಳಿಸಿ ನೋಡಿದ. ಆ ಸುಳ್ಳು ಎಲ್ಲಿ ಕೂರುತ್ತದೆ ಎಂದು ಹುಡುಕಿದ. ಕೂರಲಿಲ್ಲ.

"ಇಲಿ ಕಡದ್ರ ವಾಯರ್ ತುಂಡಾಗಿರ್ತೈತ್ರಿ. ತುಂಡಾದ ವಾಯರ್ ಶನಿವಾರ ತಾನಾಗಿ ಕೂಡಂಗಿಲ್ಲ. ಸಾವ್ಕಾರ್ರು ಅಷ್ಟು ಕೇಳೇ ಕೇಳ್ತಾರ. ಆಗ ಇಲಿ ಹೋಗಿ ಮತ್ತ ಗಾಳೆಪ್ಪನ ಹೆಸರ ಬರ್ತೈತಿ."

ಗಂಗಾಂಬಿಕಾ ಕನೆಕ್ಟರನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. "ಹೊಸದು ಹಾಕು. ಇದು ನನ್ನ ಹಂತ್ಯಾಕ ಇರಲಿ. ನನ್ನ ಮಗಗ ನಾನ ಹೇಳ್ತೀನಿ. ನೀ ನಡುವ ಬಾಯಿ ಹಾಕಬ್ಯಾಡ."

ಅಂಜಿನಯ್ಯ ಹೊಸ ಕನೆಕ್ಟರ್ ಹಾಕಿ, ಅದನ್ನು ನೀರು ತಾಗದ ಹಾಗೆ ಸೀಟಿನ ಕಡೆಗೆ ಮೇಲಕ್ಕೆ ಸರಿಸಿ ಕಟ್ಟಿದ. ಬಲ್ಬು ಹೊತ್ತಿತು. ಬೆಲ್ಟು ಬಂತು.

ಶನಿವಾರ ಸಂಜೆ ಕರೆ ಬಂತು. ಅವನು ಹೋಗುವಷ್ಟರಲ್ಲಿ ಹಳದಿ ಕನೆಕ್ಟರ್ ಪಡಸಾಲೆಯ ಟೀಪಾಯಿಯ ಮೇಲಿತ್ತು. ಗಂಗಾಂಬಿಕಾ ಮಗನ ಪಕ್ಕದ ಕುರ್ಚಿಯಲ್ಲಿದ್ದರು. ಗಾಳೆಪ್ಪ ಬಾಗಿಲ ಹೊರಗೆ, ಚಾವಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದ.

"ಅವ್ವ ಎಲ್ಲಾ ಹೇಳಿದ್ಲು" ಎಂದರು ಸಿದ್ದಲಿಂಗೇಶ. ಹಣೆಯ ಪಟ್ಟಿ ಚಿಕ್ಕದಾಗಿತ್ತು. "ಒಂದ ಕೇಳ್ತೀನಿ. ಅವತ್ತ ಕರೆಂಟು ಪೂರಾ ಬರಾಕತ್ತೈತಿ ಅಂದಿದ್ದಿಯಲ್ಲ?"

"ತಪ್ಪು ಹೇಳಿದ್ದೆ ರಿ. ಲೋಡ್ ಹಾಕದ ಬರೇ ಮೀಟರ್‌ನ್ಯಾಗ ನೋಡಿದ್ದೆ. ಬಲ್ಬು ಹಚ್ಚಿದ್ರ ಅವತ್ತೇ ಸಿಗ್ತಿತ್ತು."

"ಹಂಗಾರ ಇಂವನ ಮ್ಯಾಲ ಅನುಮಾನ ಬಂದದ್ದು ನಿನ್ನಿಂದ."

"ಅರ್ಧ ನನ್ನಿಂದ್ರಿ."

ಉಳಿದ ಅರ್ಧ ಯಾರದೆಂದು ಯಾರೂ ಕೇಳಲಿಲ್ಲ. ಗಂಗಾಂಬಿಕಾ ಮಗನ ಮೊಣಕೈಗೆ ಬೆರಳಿನಿಂದ ತಿವಿದರು. ಸಿದ್ದಲಿಂಗೇಶರು ಗಂಟಲು ಸರಿಮಾಡಿಕೊಂಡು ಬಾಗಿಲ ಕಡೆ ನೋಡಿದರು.

"ಗಾಳೆಪ್ಪ, ಯಾಕ ಹೊರಗ ನಿಂತಿ? ಒಳಗ ಬಾ. ಚಾ ಕುಡಿ."

"ಚಾವಿ, ಸಾವ್ಕಾರ್ರ?"

"ಅದನ್ನ್ಯಾಕ ನನಗ ತೋರಸ್ತಿ? ಮುಂಜಾನಿ ಆರಕ್ಕ ಸಂಡೂರಿಗೆ ಹೋಗೋದೈತಿ."

ಭಾನುವಾರ ಬೆಳಿಗ್ಗೆ ಆರಕ್ಕೆ ಗಾಳೆಪ್ಪ ಕಾರು ಹೊರತೆಗೆದ. ಅದರ ಮುಂದಿನ ಶುಕ್ರವಾರ ಗಂಗಾಂಬಿಕಾ ಪೂಜೆಯ ನೀರನ್ನು ಎಡಗಡೆಯ ಮುಂದಿನ ಗಾಲಿಗೆ ಹಾಕಿದರು.